ಗಂಡಸರ ದಾಖಲೆಯನ್ನೂ ಮುರಿದ ಬೆರಿಲ್ ಬರ್ಟನ್: ಬ್ರಿಟನ್ನಿನ ಅತಿ ದೊಡ್ಡ ಸೈಕ್ಲಿಸ್ಟ್ ಇವರೇನಾ?

ಗಾಲಿಮನೆ:
ಬ್ರಿಟನ್ನಿನ ಸೈಕಲ್ ರೇಸ್ ಅಂದರೆ ಇಲ್ಲಿ ಎಲ್ಲರೂ ವಿಗಿನ್ಸ್, ಫ್ರೂಮ್, ಕ್ಯಾವೆಂಡಿಷ್ ಅಂತಲೇ ಶುರು ಮಾಡುತ್ತಾರೆ. ದೊಡ್ಡವರೇ, ಇಲ್ಲ ಅನ್ನಲ್ಲ. ಆದರೆ ನನ್ನ ಮಟ್ಟಿಗೆ ಆ ದೇಶ ಕಂಡ ಅತಿ ದೊಡ್ಡ ರೋಡ್ ಸೈಕ್ಲಿಸ್ಟ್ ಇವರ್ಯಾರೂ ಅಲ್ಲ, ಬೆರಿಲ್ ಬರ್ಟನ್. ಯಾರ್ಕ್‌ಶೈರ್‌ನ ಮಾರ್ಲಿ ಎಂಬ ಊರಿನ ಗೃಹಿಣಿ. ತೋಟದಲ್ಲಿ ಕೂಲಿ ಮಾಡುತ್ತಿದ್ದವರು.

ಒಂದೇ ಒಂದು ರೇಸ್ ಹೇಳುತ್ತೇನೆ. 1967ರ ಸೆಪ್ಟೆಂಬರ್ 17. ಯಾರ್ಕ್‌ಶೈರ್‌ನಲ್ಲಿ 12 ಗಂಟೆಗಳ ಟೈಮ್ ಟ್ರಯಲ್. 12 ಗಂಟೆಯಲ್ಲಿ ಎಷ್ಟು ದೂರ ಹೋಗುತ್ತೀರೋ ಅದೇ ನಿಮ್ಮ ಲೆಕ್ಕ. ಗಂಡಸರದ್ದು ಬೇರೆ ಸ್ಪರ್ಧೆ, ಹೆಂಗಸರದ್ದು ಬೇರೆ. ದಾರಿ ಮಾತ್ರ ಒಂದೇ. ಅವತ್ತು ಮೈಕ್ ಮೆಕ್‌ನಮಾರ ಗಂಡಸರ ಬ್ರಿಟಿಷ್ ದಾಖಲೆ ಮುರಿಯುವ ಓಟದಲ್ಲಿದ್ದರು, ಕೊನೆಗೆ ಮುರಿದರು ಕೂಡ: 276.52 ಮೈಲಿ. ಆದರೆ ಅದಕ್ಕೆ ಮೊದಲೇ ಹಿಂದಿನಿಂದ ಬಂದ ಬೆರಿಲ್ ಅವರನ್ನು ದಾಟಿಕೊಂಡು ಹೋಗಿದ್ದರು. ದಾಟುವಾಗ ಸುಮ್ನೆ ಹೋಗೋಕೆ ಮನಸ್ಸಾಗಲಿಲ್ಲವೇನೋ, ಜೇಬಿನಿಂದ ಒಂದು ಮಿಠಾಯಿ ತೆಗೆದು ಅವರ ಕಡೆ ಚಾಚಿದರು. ಲಿಕರಿಸ್ ಆಲ್‌ಸಾರ್ಟ್ಸ್ ಅಂತ, ಜ್ಯೇಷ್ಠಮಧುವಿನ ರುಚಿಯ ಬಣ್ಣಬಣ್ಣದ ಮಿಠಾಯಿ ಬರುತ್ತದಲ್ಲ, ಅದು. ಮೆಕ್‌ನಮಾರ ಥ್ಯಾಂಕ್ಸ್ ಹೇಳಿ ಬಾಯಿಗೆ ಹಾಕಿಕೊಂಡರು.

ಬೆರಿಲ್ ಅವತ್ತು ಓಡಿಸಿದ್ದು 277.25 ಮೈಲಿ. ಅಂದರೆ 446 ಕಿಲೋಮೀಟರ್. ಗಂಟೆಗೆ ಸರಾಸರಿ 37 ಕಿ.ಮೀ.ಗೂ ಜಾಸ್ತಿ, ಅದೂ 12 ಗಂಟೆ ಕಾಲ. ಗಂಡಸರ ಹೊಸ ದಾಖಲೆ ಹುಟ್ಟಿದ ದಿನವೇ ಅದಕ್ಕಿಂತ ಮುಕ್ಕಾಲು ಮೈಲಿ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಬ್ರಿಟನ್ನಿನ ಯಾವ ಗಂಡಸೂ ಆ ಅಂಕಿಯನ್ನು 1969ರವರೆಗೆ ದಾಟಲಿಲ್ಲ. ಹೆಂಗಸರಲ್ಲಿ ಅದು ಮುರಿದದ್ದು 2017ರಲ್ಲಿ. ಸರಿಯಾಗಿ 50 ವರ್ಷ.

ಹೇಳಿ, ಬೇರೆ ಯಾವ ಆಟದಲ್ಲಿ ಹೀಗೆ ಆಗಿದೆ?

ಎದುರ್ಗಾಳಿ:
ಕಥೆ ಚೆನ್ನಾಗಿದೆ ಗುರುಗಳೇ. ಮಿಠಾಯಿ ಅಂತೂ ಸಿನಿಮಾಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಒಂದು ವಿಷಯ ಮುಚ್ಚಿಡಬೇಡಿ. 12 ಗಂಟೆಯ ಟೈಮ್ ಟ್ರಯಲ್ ಅನ್ನೋದು ಬ್ರಿಟನ್ನಿನ ಹವ್ಯಾಸಿಗಳ ಆಟ. ಅವತ್ತು ಆ ರಸ್ತೆಯಲ್ಲಿ ಮರ್ಕ್ಸ್ ಇರಲಿಲ್ಲ, ಆಂಕ್ತಿಲ್ ಇರಲಿಲ್ಲ, ಜಿಮೊಂಡಿ ಇರಲಿಲ್ಲ. ಯೂರೋಪಿನ ದೊಡ್ಡ ವೃತ್ತಿಪರರು ಯಾರೂ ಆ ದೂರವನ್ನು ಮುಟ್ಟೋಕೇ ಹೋದವರಲ್ಲ. ಗಂಡಸರನ್ನು ಸೋಲಿಸಿದರು ಅಂದಾಗ ಯಾವ ಗಂಡಸರನ್ನು ಅಂತಲೂ ಕೇಳಬೇಕು ಅಲ್ವಾ?

ಅತಿ ದೊಡ್ಡ ಅನ್ನೋ ಪಟ್ಟ ಕೊಡೋದಾದರೆ ನನ್ನ ಮತ ಟಾಮ್ ಸಿಂಪ್ಸನ್‌ಗೆ. 1965ರಲ್ಲಿ ವೃತ್ತಿಪರರ ವಿಶ್ವ ಚಾಂಪಿಯನ್. ಫ್ರಾನ್ಸ್, ಬೆಲ್ಜಿಯಂಗೆ ಹೋಗಿ ಅವರ ಅಂಗಳದಲ್ಲೇ ಗೆದ್ದವನು.

ಹಳೇಚೈನು:
ಎದುರ್ಗಾಳಿಯವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬ್ರಿಟನ್ ಯಾಕೆ ಟೈಮ್ ಟ್ರಯಲ್ ದೇಶವಾಯಿತು ಅಂತ ತಿಳಿಯದೆ ಬೆರಿಲ್ ಅವರನ್ನು ಅಳೆಯೋಕೆ ಆಗಲ್ಲ.

19ನೇ ಶತಮಾನದ ಕೊನೆಗೆ ಅಲ್ಲಿನ ಸೈಕಲ್ ಸಂಘಟನೆ ರಸ್ತೆಯ ಮೇಲೆ ಗುಂಪು ರೇಸ್ ನಡೆಸೋದನ್ನೇ ಬಿಟ್ಟುಬಿಟ್ಟಿತು. ಕುದುರೆಗಾಡಿಯವರ ದೂರು, ಪೊಲೀಸರ ಕಾಟ. ಎಲ್ಲಿ ಸೈಕಲ್ಲನ್ನೇ ರಸ್ತೆಯಿಂದ ಓಡಿಸಿಬಿಡುತ್ತಾರೋ ಅನ್ನೋ ಭಯ. ಆಗ ಹುಟ್ಟಿದ ಉಪಾಯ ಟೈಮ್ ಟ್ರಯಲ್. ಒಬ್ಬೊಬ್ಬರನ್ನೇ ಒಂದೊಂದು ನಿಮಿಷ ಬಿಟ್ಟು ಕಳಿಸೋದು. ಬೆಳಗಿನ ಜಾವ, ಊರು ಏಳೋ ಮುಂಚೆ. ಮೈತುಂಬ ಕಪ್ಪು ಬಟ್ಟೆ, ಯಾರ ಕಣ್ಣಿಗೂ ರೇಸ್ ಅಂತ ಬೀಳಬಾರದು. ರಸ್ತೆಗೆ ಹೆಸರಿನ ಬದಲು ಗುಟ್ಟಿನ ಸಂಕೇತ. ಆ ಸಂಕೇತಗಳ ರೂಢಿ ಇವತ್ತಿಗೂ ಇದೆ.

ಪಕ್ಕದ ಫ್ರಾನ್ಸಿನಲ್ಲಿ ಟೂರ್ (ಟೂರ್ ದೆ ಫ್ರಾನ್ಸ್) ನಡೆಯುತ್ತಿದ್ದಾಗ ಬ್ರಿಟನ್ನಿನವರು ಕದ್ದು ಮುಚ್ಚಿ ಗಡಿಯಾರದ ಜೊತೆ ಓಡುತ್ತಿದ್ದರು. 1942ರಲ್ಲಿ ಪರ್ಸಿ ಸ್ಟಾಲರ್ಡ್ ಅನ್ನೋರು ಹಟ ಹಿಡಿದು ಲ್ಯಾಂಗಾಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಗುಂಪು ರೇಸ್ ಮಾಡಿಸಿದ್ದಕ್ಕೆ ಅವರನ್ನೇ ಹೊರಹಾಕಿದರು. ಆ ಜಗಳದ ಎರಡು ಬಣಗಳು ಒಂದಾಗಿದ್ದು 1959ರಲ್ಲಿ. ಬೆರಿಲ್ ಮೊದಲ ವಿಶ್ವ ಪ್ರಶಸ್ತಿ ಗೆದ್ದ ವರ್ಷವೂ ಅದೇ.

ಹಾಗಾಗಿ ಟೈಮ್ ಟ್ರಯಲ್ ಅಲ್ಲಿ ಮೂಲೆಯ ಆಟ ಅಲ್ಲ. ಅಲ್ಲಿನವರ ಮುಖ್ಯ ಆಟವೇ ಅದು. ಟೈಮ್ ಟ್ರಯಲ್‌ನಲ್ಲಿ ಇನ್ನೊಬ್ಬರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಯಾವ ತಂಡದ ತಂತ್ರವೂ ನಿಮ್ಮನ್ನು ಉಳಿಸಲ್ಲ.

ಸುಮತಿ_ಹಾಸನ:
ಇದೆಲ್ಲ ಸರಿ, ಜೀವನ ಹೇಗೆ ನಡೆಯುತ್ತಿತ್ತು ಅವರದ್ದು? ತೋಟದ ಕೂಲಿ ಅಂದರಲ್ಲ ಗಾಲಿಮನೆಯವರೇ, ಅದು ನಿಜಾನಾ? ವಿಶ್ವ ಚಾಂಪಿಯನ್ ಆದಮೇಲೂ ಪ್ರಾಯೋಜಕರು ಇರಲಿಲ್ವಾ?

ಲೀಡ್ಸ್‌ಕನ್ನಡಿಗ:
ನಾನು ಉತ್ತರ ಕೊಡಬಹುದಾ. ಮಾರ್ಲಿ ನಮ್ಮ ಲೀಡ್ಸ್‌ನ ಪಕ್ಕದಲ್ಲೇ ಇದೆ. ಅಲ್ಲಿ ಅವರ ಹೆಸರಿನ ಉದ್ಯಾನ ಇದೆ, ಗೋಡೆಯ ಮೇಲೆ ಅವರ ದೊಡ್ಡ ಚಿತ್ರ ಇದೆ.

ತೋಟದ ಕೂಲಿ ಖಂಡಿತ ನಿಜ. ಮಾರ್ಲಿ, ವೇಕ್‌ಫೀಲ್ಡ್, ರಾತ್‌ವೆಲ್ ಈ ಮೂರು ಊರುಗಳ ನಡುವಿನ ಜಾಗ ರೂಬಾರ್ಬ್ ಬೆಳೆಗೆ ಹೆಸರುವಾಸಿ. ಕೆಂಪು ದಂಟಿನ ಹುಳಿ ತರಕಾರಿ, ಸಕ್ಕರೆ ಹಾಕಿ ಸಿಹಿ ಮಾಡಿ ತಿನ್ನುತ್ತಾರೆ. ಚಳಿಗಾಲದಲ್ಲಿ ಹೊಲದಿಂದ ಬುಡ ಸಮೇತ ಅಗೆದು, ಕತ್ತಲೆ ಶೆಡ್ಡಿನೊಳಗೆ ನೆಟ್ಟು, ಮೇಣದಬತ್ತಿ ಬೆಳಕಿನಲ್ಲಿ ಕೊಯ್ಲು ಮಾಡುತ್ತಾರೆ. ಬೆಳಕು ಬಿದ್ದರೆ ದಂಟಿನ ಎಳಸುತನ ಹೋಗುತ್ತದೆ. ಮಣ್ಣು ಹಿಡಿದ ಆ ಬುಡಗಳು ಸಿಕ್ಕಾಪಟ್ಟೆ ಭಾರ. ಬೆರಿಲ್ ಇಂಥ ತೋಟದಲ್ಲಿ ಕೆಲಸ ಮಾಡುತ್ತಿದ್ದರು. ತೋಟದ ಮಾಲೀಕ ನಿಮ್ ಕಾರ್ಲೈನ್, ಮಾರ್ಲಿ ಸೈಕಲ್ ಕ್ಲಬ್ಬಿನವರೇ. ಅವರೂ ಕಡಿಮೆ ಆಸಾಮಿಯಲ್ಲ, 24 ಗಂಟೆಯ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್.

ಜಿಮ್ಮು, ತರಬೇತಿ ಶಿಬಿರ, ಕೋಚ್ ಏನೂ ಇಲ್ಲ. ಹಗಲು ಹೊಲ, ಉಳಿದ ಹೊತ್ತು ಸೈಕಲ್, ಮಧ್ಯೆ ಮನೆ ಮತ್ತು ಮಗಳು. ಕಡೆತನಕ ಹವ್ಯಾಸಿಯಾಗಿಯೇ ಉಳಿದರು. ಆಗಿನ ನಿಯಮದಲ್ಲಿ ಕಂಪನಿ ದುಡ್ಡು ಮುಟ್ಟಿದರೆ ಹವ್ಯಾಸಿಗಳ ರೇಸಿನಿಂದ ಹೊರಗೆ.

ಸುಮತಿ_ಹಾಸನ:
ಗಂಡ?

ಗಾಲಿಮನೆ:
ಸುಮತಿ ಮೇಡಂ, ಗಂಡನ ಬಗ್ಗೆ ಹೇಳಲೇಬೇಕು. ಅದಕ್ಕೆ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ಬೆರಿಲ್ ಹುಟ್ಟಿದ್ದು 1937ರ ಮೇ 12, ಲೀಡ್ಸ್‌ನ ಹಾಲ್ಟನ್ ಬಡಾವಣೆ. ಆಗಿನ ಹೆಸರು ಬೆರಿಲ್ ಚಾರ್ನಾಕ್. ಆಗ ಅಲ್ಲಿ 11ನೇ ವಯಸ್ಸಿಗೆ ಒಂದು ಪರೀಕ್ಷೆ. ಪಾಸಾದವರು ಒಳ್ಳೆ ಶಾಲೆಗೆ, ಫೇಲಾದವರ ದಾರಿ ಬೇರೆ. ಬೆರಿಲ್ ಫೇಲಾದರು. ಆ ಹೊತ್ತಿಗೇ ಸಂಧಿವಾತದ ಜ್ವರ ಬಂದು ಮಲಗಿಸಿತು, ನರಗಳ ಮೇಲೂ ಹೊಡೆತ ಬಿತ್ತು. ಆಸ್ಪತ್ರೆ, ಅಲ್ಲಿಂದ ಸೌತ್‌ಪೋರ್ಟ್‌ನ ಆರೈಕೆ ಮನೆ, ಎಲ್ಲ ಸೇರಿ ಎರಡು ವರ್ಷದ ಹತ್ತಿರ ಮನೆಯಿಂದ ದೂರ. ಈ ಜ್ವರ ಹೃದಯವನ್ನು ಹಾಳು ಮಾಡುವಂಥದ್ದು. ಮೈ ದಣಿಸುವ ಕೆಲಸ ಬೇಡ ಅಂದರು ಡಾಕ್ಟರು. ಆ ಮಾತು ಅವರು ಎಷ್ಟರಮಟ್ಟಿಗೆ ಕೇಳಿದರು ಅಂತ ನೋಡಿದ್ದೀರಲ್ಲ.

ಮುಂದೆ ಲೀಡ್ಸ್‌ನ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಸಿಕ್ಕವರು ಚಾರ್ಲಿ ಬರ್ಟನ್. ಸೈಕಲ್ ಹುಚ್ಚು ಇದ್ದದ್ದು ಚಾರ್ಲಿಗೆ. 1955ರಲ್ಲಿ ಮದುವೆ, 1956ರಲ್ಲಿ ಮಗಳು ಡೆನಿಸ್. ಚಾರ್ಲಿ ಮುಂದೆ ನೆನಪಿಸಿಕೊಳ್ಳುತ್ತಿದ್ದದ್ದು ಹೀಗೆ: ಮೊದಲ ವರ್ಷ ಇವಳನ್ನು ಹಿಂದಿನಿಂದ ತಳ್ಳಬೇಕಿತ್ತು, ಎರಡನೇ ವರ್ಷ ನಮ್ಮ ಸಮಕ್ಕೆ ಬಂದಳು, ಮೂರನೇ ವರ್ಷ ಎಲ್ಲರಿಗಿಂತ ಮುಂದೆ ಇದ್ದಳು. 1957ರಲ್ಲೇ ರಾಷ್ಟ್ರೀಯ 100 ಮೈಲಿ ಟೈಮ್ ಟ್ರಯಲ್‌ನಲ್ಲಿ ಬೆಳ್ಳಿ.

ಆಮೇಲೆ ಚಾರ್ಲಿ ತನ್ನ ರೇಸ್ ಪಕ್ಕಕ್ಕಿಟ್ಟು ಹೆಂಡತಿಯ ಹಿಂದೆ ನಿಂತರು. ಸೈಕಲ್ ರಿಪೇರಿ, ಓಡಾಟ, ದಾರಿಯಲ್ಲಿ ತಿಂಡಿ ನೀರು, ಮಗು, ಎಲ್ಲ ಅವರದ್ದೇ. 1950ರ ದಶಕದ ಯಾರ್ಕ್‌ಶೈರ್ ಗಂಡಸು ಕಣ್ರೀ! ಈಗಿನ ಕಾಲದಲ್ಲೂ ಇಂಥವರು ಎಷ್ಟು ಜನ ಸಿಗುತ್ತಾರೆ?

ಸುಮತಿ_ಹಾಸನ:
ನಮ್ಮನೆಯಲ್ಲಂತೂ ಇಲ್ಲ 😀

ಎದುರ್ಗಾಳಿ:
ಚಾರ್ಲಿಗೆ ನನ್ನದೂ ಒಂದು ಸಲಾಮ್. ಆದರೆ ವಾದಕ್ಕೆ ಬರೋಣ. ಟೈಮ್ ಟ್ರಯಲ್ ಬಿಡಿ. ರೋಡ್ ರೇಸ್‌ನಲ್ಲಿ, ಪಕ್ಕದಲ್ಲಿ ರಷ್ಯದವರು, ಬೆಲ್ಜಿಯಂನವರು ಇದ್ದಾಗ ಏನು ಮಾಡಿದರು?

ಹಳೇಚೈನು:
ಕೇಳಿದ್ದು ಒಳ್ಳೇದಾಯಿತು. 1960ರಲ್ಲಿ ಪೂರ್ವ ಜರ್ಮನಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್. ಟ್ರ್ಯಾಕ್‌ನ ಪರ್ಸ್ಯೂಟ್ (ಇಬ್ಬರು ಎದುರುಬದುರು ಬದಿಯಿಂದ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟುವ ಸ್ಪರ್ಧೆ) ಚಿನ್ನ ಗೆದ್ದರು. ಆಮೇಲೆ ಸಾಕ್ಸನ್‌ರಿಂಗ್ ರಸ್ತೆಯಲ್ಲಿ ರೋಡ್ ರೇಸ್. ಗುಂಪು ಬಿಟ್ಟು ಒಬ್ಬರೇ ಹೊರಟರು. ಗೆದ್ದ ಅಂತರ ಮೂರು ನಿಮಿಷಕ್ಕೂ ಜಾಸ್ತಿ. ಆಗಿನ ಹೆಂಗಸರ ರೇಸ್ 60 ಕಿ.ಮೀ. ಆಸುಪಾಸು ಅಷ್ಟೇ, ಅಷ್ಟರಲ್ಲಿ ಮೂರು ನಿಮಿಷ ಅಂದರೆ ಹಿಂದಿನವರು ಕಣ್ಣಿಗೇ ಕಾಣಲ್ಲ.

ಈಗ 1967. ನೆದರ್ಲೆಂಡ್ಸ್‌ನ ಹೀರ್ಲೆನ್. ಮತ್ತೆ ಅದೇ ಉಪಾಯ, ಮತ್ತೆ ಒಬ್ಬರೇ, ಎರಡನೇ ಸ್ಥಾನದ ಸೋವಿಯತ್ ಸ್ಪರ್ಧಿಗೆ ಸಿಗಲೇ ಇಲ್ಲ. ಎದುರ್ಗಾಳಿಯವರೇ, ಮರ್ಕ್ಸ್ ಎಲ್ಲಿದ್ದ ಅಂತ ಕೇಳಿದಿರಲ್ಲ? ಅದೇ ಹೀರ್ಲೆನ್‌ನಲ್ಲಿ, ಅದೇ ಚಾಂಪಿಯನ್‌ಶಿಪ್‌ನಲ್ಲಿ ಇದ್ದ. ವೃತ್ತಿಪರ ಗಂಡಸರ ರೇಸ್ ಮೊದಲ ಸಲ ಗೆದ್ದು, ವಿಶ್ವ ಚಾಂಪಿಯನ್‌ಗೆ ಕೊಡುವ ಕಾಮನಬಿಲ್ಲಿನ ಜೆರ್ಸಿ ತೊಟ್ಟ. ಬೆರಿಲ್‌ಗೆ ಅದು ರೋಡ್ ರೇಸಿನ ಎರಡನೇ ಜೆರ್ಸಿ. ಮಿಠಾಯಿ ಕೊಟ್ಟ 12 ಗಂಟೆಯ ರೇಸ್ ಅದಾಗಿ ಎರಡು ವಾರಕ್ಕೆ.

ಲೆಕ್ಕ ಬೇಕಿದ್ದರೆ: ಪರ್ಸ್ಯೂಟ್‌ನಲ್ಲಿ ಐದು ವಿಶ್ವ ಚಿನ್ನ (1959, 1960, 1962, 1963, 1966), ರೋಡ್‌ನಲ್ಲಿ ಎರಡು. ಬೆಳ್ಳಿ ಕಂಚು ಸೇರಿದರೆ ವಿಶ್ವ ಪದಕ 15. ದೇಶದೊಳಗೆ 72 ಟೈಮ್ ಟ್ರಯಲ್, 12 ರೋಡ್ ರೇಸ್, 13 ಪರ್ಸ್ಯೂಟ್ ಪ್ರಶಸ್ತಿ.

ಎದುರ್ಗಾಳಿ:
ಮರ್ಕ್ಸ್ ವಿಷಯಕ್ಕೆ ಒಂದು ಅಂಕ ನಿಮಗೆ. ಆದರೆ 1967 ಅಂದಮೇಲೆ ನನಗೆ ಬೇರೆಯೇ ನೆನಪು. ಅದೇ ವರ್ಷ ಜುಲೈ 13ಕ್ಕೆ ಸಿಂಪ್ಸನ್ ಟೂರ್ ಓಡಿಸುವಾಗ ಫ್ರಾನ್ಸಿನ ಮೋಂ ವಾಂತೂ ಬೆಟ್ಟದ ಮೇಲೆ ಸತ್ತುಬಿದ್ದ. ಬಿಸಿಲು, ದಣಿವು, ಮೈಯಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮದ್ದು. 29 ವರ್ಷ.

ಗಾಲಿಮನೆ:
ಅದಕ್ಕೇ ನನಗೆ ಆ ವರ್ಷ ಇಷ್ಟು ಕಾಡುತ್ತದೆ ಸರ್. ಇಬ್ಬರೂ 1937ರಲ್ಲೇ ಹುಟ್ಟಿದವರು. ಸಿಂಪ್ಸನ್‌ಗೆ ದುಡ್ಡಿತ್ತು, ಒಪ್ಪಂದವಿತ್ತು, ಟೂರ್ ಇತ್ತು. ಆ ಒತ್ತಡವೂ ಇತ್ತು. ಬೆರಿಲ್‌ಗೆ ಅದ್ಯಾವುದೂ ಇರಲಿಲ್ಲ. ವರ್ಷದ ಕೊನೆಗೆ ಬಿಬಿಸಿಯ ವರ್ಷದ ಕ್ರೀಡಾಪಟು ಮತದಾನದಲ್ಲಿ ಬಾಕ್ಸರ್ ಹೆನ್ರಿ ಕೂಪರ್ ಮೊದಲು, ಬೆರಿಲ್ ಎರಡನೆಯವರು. ಅಂದರೆ ಜನಕ್ಕೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು, ಆಮೇಲೆ ಮರೆತರು. ಬ್ರಿಟನ್ನಿನ ರಾಷ್ಟ್ರೀಯ ಗೌರವಗಳಾದ ಎಂಬಿಇ 1964ರಲ್ಲಿ, ಒಬಿಇ 1968ರಲ್ಲಿ ಸಿಕ್ಕಿತ್ತು.

ಬಿಜಾಪುರ_ಬ್ರೇಕ್:
ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಟೈಮ್ ಟ್ರಯಲ್ ಅಂದರೆ ಹೊಸ ಮಾತಲ್ಲ, ಹುಡುಗ ಹುಡುಗಿಯರು ಅದರಲ್ಲೇ ಬೆಳೆಯುತ್ತಾರೆ. ಆದರೆ ಈ ಹೆಸರು ನಾನೂ ಇವತ್ತೇ ಕೇಳಿದ್ದು. ಒಂದು ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಎಷ್ಟು ಪದಕ?

ಹಳೇಚೈನು:
ಸೊನ್ನೆ. ಯಾಕಂದರೆ ಸ್ಪರ್ಧೆಯೇ ಇರಲಿಲ್ಲ. ಹೆಂಗಸರ ಸೈಕ್ಲಿಂಗ್ ಒಲಿಂಪಿಕ್ಸ್‌ಗೆ ಬಂದದ್ದು 1984, ಲಾಸ್ ಏಂಜಲೀಸ್, ಅದೂ ರೋಡ್ ರೇಸ್ ಒಂದೇ. ಬೆರಿಲ್‌ಗೆ ಆಗ 47. ಅವರ ಪರ್ಸ್ಯೂಟ್ ಬಂದದ್ದು 1992ಕ್ಕೆ. ಟೈಮ್ ಟ್ರಯಲ್ ವಿಶ್ವ ಚಾಂಪಿಯನ್‌ಶಿಪ್‌ಗೆ 1994ರಲ್ಲಿ, ಒಲಿಂಪಿಕ್ಸ್‌ಗೆ 1996ರಲ್ಲಿ.

ಇದನ್ನು ಸ್ವಲ್ಪ ಯೋಚನೆ ಮಾಡಿ. ಬೆರಿಲ್ ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದ ಕೆಲಸ ಟೈಮ್ ಟ್ರಯಲ್. ಅದಕ್ಕೆ ಅವರ ಇಡೀ ಕಾಲದಲ್ಲಿ ಒಂದು ವಿಶ್ವ ಪ್ರಶಸ್ತಿಯೇ ಇರಲಿಲ್ಲ. ಅವರ ಏಳು ವಿಶ್ವ ಚಿನ್ನ ಬಂದದ್ದು ಅವರ ಎರಡನೇ, ಮೂರನೇ ಬಲದ ಆಟದಿಂದ. ಹೆಂಗಸರ ವಿಶ್ವ ಚಾಂಪಿಯನ್‌ಶಿಪ್ ಕೂಡ ಶುರುವಾದದ್ದು 1958ರಲ್ಲಿ. ಅದಕ್ಕೂ ಬ್ರಿಟನ್ನಿನ ಹೆಂಗಸರ ಸೈಕ್ಲಿಂಗ್ ಸಂಘಟಕಿ ಐಲೀನ್ ಗ್ರೇ ಅಂಥವರು ಬೆನ್ನು ಬಿಡದೆ ಹೋರಾಡಬೇಕಾಯಿತು.

ಬಿಜಾಪುರ_ಬ್ರೇಕ್:
ಅಬ್ಬಾ. ಹಾಗಾದರೆ ಗಂಡಸರ ಟೈಮ್ ಟ್ರಯಲ್‌ಗೆ ಯಾಕೆ ಸೇರಿಸಿಕೊಳ್ಳಲಿಲ್ಲ?

ಹಳೇಚೈನು:
ಒಂದು ಸಲ ಕರೆದರು. 1968, ಫ್ರಾನ್ಸಿನ ಗ್ರಾಂ ಪ್ರಿ ದೆ ನಾಸಿಯೋಂ, ವೃತ್ತಿಪರರ ಅತಿ ದೊಡ್ಡ ಟೈಮ್ ಟ್ರಯಲ್. ಹೆಂಗಸೊಬ್ಬರಿಗೆ ಅಂಥ ಅವಕಾಶ ಅದೇ ಮೊದಲು. ಫಲಿತಾಂಶದ ಪಟ್ಟಿಗೆ ಲೆಕ್ಕವಿಲ್ಲ, ಪ್ರದರ್ಶನ ಅಷ್ಟೇ. 73.5 ಕಿ.ಮೀ. ದಾರಿಯನ್ನು ಗಂಟೆಗೆ 41.8 ಕಿ.ಮೀ. ವೇಗದಲ್ಲಿ ಮುಗಿಸಿದರು. ಗೆದ್ದ ಜಿಮೊಂಡಿ 47.5. ಇಲ್ಲಿ ಎದುರ್ಗಾಳಿಯವರ ಮಾತಿಗೂ ಬೆಲೆ ಇದೆ, ಯೂರೋಪಿನ ಮೊದಲ ಸಾಲಿನ ಗಂಡಸರ ಜೊತೆ ಇಟ್ಟರೆ ಅಂತರ ಕಾಣುತ್ತದೆ. ಆದರೆ ಅವರು ಸಂಬಳಕ್ಕೆ ಸೈಕಲ್ ಹೊಡೆಯುವವರು, ಇವರು ಸೋಮವಾರ ಹೊಲಕ್ಕೆ ಹೋಗಬೇಕಿದ್ದವರು.

ಎದುರ್ಗಾಳಿ:
ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಧನ್ಯವಾದ. ಈಗ ಯಾರೂ ಎತ್ತದ ವಿಷಯ ನಾನೇ ಎತ್ತುತ್ತೇನೆ. 1976ರ ರಾಷ್ಟ್ರೀಯ ರೋಡ್ ರೇಸ್. ಕೊನೆಯ ಸ್ಪ್ರಿಂಟ್‌ನಲ್ಲಿ ಸ್ವಂತ ಮಗಳು ಡೆನಿಸ್ ಅಮ್ಮನನ್ನು ಸೋಲಿಸಿದಳು. ಬಹುಮಾನದ ಕಟ್ಟೆಯ ಮೇಲೆ ಅಮ್ಮ ಮಗಳ ಕೈ ಕುಲುಕಲಿಲ್ಲ! 20 ವರ್ಷದ ಹುಡುಗಿ, ದೇಶದ ಚಾಂಪಿಯನ್ ಆದ ದಿನ. ಇದಕ್ಕೇನಂತೀರಿ?

ಸುಮತಿ_ಹಾಸನ:
ಅಯ್ಯೋ. ಇದು ನನಗೆ ಗೊತ್ತಿರಲಿಲ್ಲ. ಮನಸ್ಸಿಗೆ ಒಂಥರಾ ಆಯಿತು.

ಗಾಲಿಮನೆ:
ತಪ್ಪೇ. ಅದನ್ನು ಸಮರ್ಥಿಸೋಕೆ ಹೋಗಲ್ಲ. ಬೆರಿಲ್ ಕೂಡ ಆಮೇಲೆ ತಾನು ನಡೆದುಕೊಂಡ ರೀತಿ ಸರಿಯಿರಲಿಲ್ಲ ಅಂತಲೇ ಹೇಳಿಕೊಂಡಿದ್ದಾರೆ. ರೇಸ್ ಉದ್ದಕ್ಕೂ ಮುಂದೆ ನಿಂತು ಗಾಳಿ ಸೀಳಿದ್ದು ನಾನು, ಮಗಳು ತನ್ನ ಪಾಲಿನ ಕೆಲಸ ಮಾಡಲಿಲ್ಲ ಅನ್ನೋದು ಅವರ ಸಿಟ್ಟು. ರೋಡ್ ರೇಸ್ ಓಡಿಸಿದವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಹಿಂದೆ ಉಳಿದು ಶಕ್ತಿ ಉಳಿಸಿಕೊಂಡು ಕೊನೆಗೆ ನುಗ್ಗೋದು ಆಟದ ನಿಯಮದೊಳಗೇ ಇದೆ. ಡೆನಿಸ್ ಮಾಡಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಬಿಜಾಪುರ_ಬ್ರೇಕ್:
ಅಪ್ಪ ಮಗ ಆಗಿದ್ದರೆ ಇಷ್ಟು ದೊಡ್ಡ ಸುದ್ದಿ ಆಗುತ್ತಿತ್ತಾ ಅಂತ ನನ್ನ ಅನುಮಾನ. ಗಂಡಸು ಸೋತು ಮುಖ ಗಂಟು ಹಾಕಿಕೊಂಡರೆ ಛಲಗಾರ ಅಂತೀವಿ.

ಸುಮತಿ_ಹಾಸನ:
ಇರಬಹುದು ಅಣ್ಣ. ಆದರೂ ಮಗಳ ಜಾಗದಲ್ಲಿ ನಿಂತು ನೋಡಿ. ಛಲ ಅಂದರೆ ಅವಳಿಗೆ ಹೊಟ್ಟೆ ತುಂಬುತ್ತಾ?

ಲೀಡ್ಸ್‌ಕನ್ನಡಿಗ:
ಅವರ ಸಂಬಂಧ ಆ ಒಂದು ಘಟನೆಯಲ್ಲಿ ಮುಗಿಯಲ್ಲ. 1972ರಲ್ಲಿ ತಾಯಿ ಮಗಳು ಇಬ್ಬರೂ ವಿಶ್ವ ಚಾಂಪಿಯನ್‌ಶಿಪ್‌ನ ಬ್ರಿಟನ್ ತಂಡದಲ್ಲಿದ್ದರು. 1975ರಲ್ಲಿ ಡೆನಿಸ್ ಪರ್ಸ್ಯೂಟ್‌ನಲ್ಲಿ ವಿಶ್ವ ಕಂಚು ಗೆದ್ದರು. ಕೈ ಕುಲುಕದ ಘಟನೆಯಾಗಿ ಆರು ವರ್ಷಕ್ಕೆ, 1982ರಲ್ಲಿ, ಇಬ್ಬರೂ ಒಂದೇ ಟ್ಯಾಂಡೆಮ್ ಸೈಕಲ್ ಹತ್ತಿ 10 ಮೈಲಿಯ ಬ್ರಿಟಿಷ್ ದಾಖಲೆ ಮಾಡಿದರು. ಜಗಳವಾಡಿದವರು ಒಂದೇ ಸೈಕಲ್ ಮೇಲೆ ಹಿಂದೆ ಮುಂದೆ ಕೂತು ದಾಖಲೆ ಮಾಡೋದು ಸುಲಭವಲ್ಲ, ಟ್ಯಾಂಡೆಮ್ ಓಡಿಸಿದವರನ್ನು ಕೇಳಿ.

ಗಾಲಿಮನೆ:
ಇನ್ನೊಂದು ಮಾತು ಸೇರಿಸುತ್ತೇನೆ. ಪದಕಕ್ಕಿಂತ ನನಗೆ ಜಾಸ್ತಿ ಬೆರಗು ತರೋದು ಎಷ್ಟು ವರ್ಷ ಅನ್ನೋದು. ಬ್ರಿಟಿಷ್ ಬೆಸ್ಟ್ ಆಲ್‌ರೌಂಡರ್ ಅಂತ ಒಂದು ಸ್ಪರ್ಧೆ. ಹೆಂಗಸರಿಗೆ 25, 50, 100 ಮೈಲಿಗಳಲ್ಲಿ ಆ ವರ್ಷದ ಅತ್ಯುತ್ತಮ ವೇಗದ ಸರಾಸರಿ ತೆಗೆಯುತ್ತಾರೆ. ಬೆರಿಲ್ 1959ರಲ್ಲಿ ಗೆದ್ದರು, 1983ರವರೆಗೂ ಗೆಲ್ಲುತ್ತಲೇ ಹೋದರು. 25 ವರ್ಷ, ಒಂದೂ ಬಿಡದೆ. ನಡುವೆ 1963ರಲ್ಲಿ 25 ಮೈಲಿಯನ್ನು ಒಂದು ಗಂಟೆಯೊಳಗೆ ಮುಗಿಸಿದ ಮೊದಲ ಹೆಂಗಸು. 1968ರಲ್ಲಿ 100 ಮೈಲಿ 3 ಗಂಟೆ 55 ನಿಮಿಷ 5 ಸೆಕೆಂಡ್, ಅದು 28 ವರ್ಷ ನಿಂತಿತು. ಎಲ್ಲ ಉಕ್ಕಿನ ಸೈಕಲ್ ಮೇಲೆ. ಈಗಿನ ಹಾಗೆ ಮೊಣಕೈ ಊರಿ ಬಾಗುವ ಹ್ಯಾಂಡಲ್ ಇಲ್ಲ, ಪವರ್ ಮೀಟರ್ ಇಲ್ಲ, ಗಾಳಿ ಸುರಂಗದಲ್ಲಿ ಹೊಲಿಸಿದ ಬಟ್ಟೆ ಇಲ್ಲ.

ಸುಮತಿ_ಹಾಸನ:
ಆಮೇಲೆ ನಿಲ್ಲಿಸಿದರಾ?

ಲೀಡ್ಸ್‌ಕನ್ನಡಿಗ:
ಇಲ್ಲ. ನಿಲ್ಲಿಸೋ ಪೈಕಿಯಲ್ಲ. ಗೆಲುವು ಕಡಿಮೆಯಾದಮೇಲೂ ಕ್ಲಬ್ ರೇಸ್‌ಗಳಿಗೆ ಹೆಸರು ಕೊಡುತ್ತಲೇ ಇದ್ದರು. 1996ರ ಮೇ 5, ಭಾನುವಾರ. ತಮ್ಮ 59ನೇ ಹುಟ್ಟುಹಬ್ಬದ ಕರೆಯೋಲೆ ಹಂಚೋಕೆ ಸೈಕಲ್ ಹತ್ತಿ ಹೋದವರು ದಾರಿಯಲ್ಲೇ ಹೃದಯ ನಿಂತು ತೀರಿಕೊಂಡರು. ಹ್ಯಾರೊಗೇಟ್‌ನಿಂದ ನೇರ್ಸ್‌ಬರೋ ಕಡೆಗೆ ಹೋಗುವ ಸೈಕಲ್ ದಾರಿಗೆ ಈಗ ಅವರ ಹೆಸರಿದೆ.

ಬಿಜಾಪುರ_ಬ್ರೇಕ್:
ಚಿಕ್ಕಂದಿನಲ್ಲಿ ಡಾಕ್ಟರು ಹೇಳಿದ ಮಾತು ಕೇಳಿದ್ದರೆ ಇನ್ನೂ ಹತ್ತಿಪ್ಪತ್ತು ವರ್ಷ ಇರುತ್ತಿದ್ದರೇನೋ.

ಗಾಲಿಮನೆ:
ಯಾರು ಹೇಳೋಕಾಗುತ್ತದೆ? ಆ ಮಾತು ಕೇಳಿದ್ದರೆ ನಾವು ಇವತ್ತು ಅವರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ.

ಎದುರ್ಗಾಳಿ:
ಸರಿ, ನನ್ನ ಕೊನೆಯ ಮಾತು. ಸಿಂಪ್ಸನ್ ಬಿಟ್ಟುಕೊಡಲ್ಲ. ಆಗಿನ ಕಾಲದಲ್ಲಿ ಯೂರೋಪಿಗೆ ಹೋಗಿ, ಭಾಷೆ ಕಲಿತು, ವೃತ್ತಿಪರರನ್ನು ಸೋಲಿಸೋದು ಬೇರೆಯೇ ಕಷ್ಟ. ಆದರೆ ಬೆರಿಲ್‌ಗೆ ಆ ಬಾಗಿಲೇ ಇರಲಿಲ್ಲ ಅನ್ನೋದನ್ನೂ ತಳ್ಳಿಹಾಕಲ್ಲ. ಪಟ್ಟಿಯಲ್ಲಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ಇಡುತ್ತೇನೆ. ಕ್ಯಾವೆಂಡಿಷ್ ಅಭಿಮಾನಿಗಳು ಬೈಯಬಹುದು, ಬೈಯಲಿ.

ಹಳೇಚೈನು:
ಬೈಯ್ತಾರೆ, ರೆಡಿಯಾಗಿರಿ 😄 ಅಂದಹಾಗೆ ಬೆರಿಲ್‌ಗಿಂತ ಮೊದಲೇ ಐಲೀನ್ ಶೆರಿಡನ್ ಇದ್ದರು. 1954ರಲ್ಲಿ ಬ್ರಿಟನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಲ್ಯಾಂಡ್ಸ್ ಎಂಡ್‌ನಿಂದ ಜಾನ್ ಓ ಗ್ರೋಟ್ಸ್‌ಗೆ, ದಾಖಲೆ ಮಾಡಿದವರು. ಅವರು ಹರ್ಕ್ಯುಲಿಸ್ ಸೈಕಲ್ ಕಂಪನಿಯ ಸಂಬಳದ ಮೇಲೆ ಓಡಿಸಿದ ವೃತ್ತಿಪರರು. ಬೆರಿಲ್ ಹಿಡಿಯದ ದಾರಿ ಅದು. ಅವರ ಬಗ್ಗೆ ಬೇರೆ ಎಳೆ ಶುರು ಮಾಡಿದರೆ ನಾನು ಬರೆಯೋಕೆ ತಯಾರಿದ್ದೇನೆ.

ಸುಮತಿ_ಹಾಸನ:
ಶುರು ಮಾಡಿ ಸರ್, ಕಾಯ್ತಿರ್ತೀನಿ. ಈ ಸಲ ಗಂಡನ ಬಗ್ಗೆಯೂ ಮೊದಲೇ ಬರೆದುಬಿಡಿ.